ಬ್ರಿಕ್ಸ್‌ವರ್ತಿನ ಚರ್ಚು: ಒಂದು ಪ್ಯಾರಿಷ್ ದೇವಾಲಯದ ಇತಿಹಾಸ ಮತ್ತು ವಾಸ್ತು

೧. ಪೀಠಿಕೆ

ಶಾಸನಗಳ ಆಧಾರದಿಂದ ಇತಿಹಾಸವನ್ನು ನಿರ್ಣಯಿಸುವ ಮಾರ್ಗ ನಮ್ಮ ವಿದ್ಯಾರ್ಥಿಗಳಿಗೆ ಚಿರಪರಿಚಿತವಾದುದು. ದೇವಾಲಯವೊಂದರ ಕಾಲವನ್ನು ಹೇಳಬೇಕಾದಾಗ ನಾವು ಮೊದಲು ಹುಡುಕುವುದು ಅದರ ಅಂಗಳದಲ್ಲಿ ನಿಂತ ಶಾಸನದ ಕಲ್ಲನ್ನು, ಇಲ್ಲವೆ ಅದರ ಕಂಬದಲ್ಲಿಯೋ ಗೋಡೆಯಲ್ಲಿಯೋ ಕೊರೆದ ಬರಹವನ್ನು. ಕಟ್ಟಿಸಿದವನ ಹೆಸರು, ಆಗ ಆಳುತ್ತಿದ್ದ ಅರಸು, ಶಕವರ್ಷ, ತಿಥಿ, ಬಿಟ್ಟ ದತ್ತಿ, ಇವು ದೊರೆತುವೆಂದರೆ ಮಿಕ್ಕ ವಿಚಾರ ಸುಗಮವಾಗುತ್ತದೆ. ಇಂಥ ಬರಹ ಒಂದಕ್ಷರವೂ ಇಲ್ಲದ ಪುರಾತನ ಕಟ್ಟಡವನ್ನು ಇತಿಹಾಸಕಾರನು ಹೇಗೆ ಓದಬೇಕು? ಎಲ್ಲೋ ಒಂದು ಗ್ರಂಥದಲ್ಲಿ ಆ ಊರಿನ ಹೆಸರು ಬಂದ ಮಾತ್ರಕ್ಕೆ ಆ ಗ್ರಂಥ ಹೇಳುವ ವರ್ಷವನ್ನು ಕಣ್ಣೆದುರಿಗಿರುವ ಗೋಡೆಗೆ ಅಂಟಿಸಬಹುದೇ? ಈ ಪ್ರಶ್ನೆಗಳಿಗೆ ಉತ್ತರ ಕೊಡಬಲ್ಲ ಒಂದು ನಿದರ್ಶನ ಇಂಗ್ಲೆಂಡಿನ ಬ್ರಿಕ್ಸ್‌ವರ್ತ್ ಎಂಬ ಊರಿನ ಚರ್ಚು. ಅದರ ವಿನ್ಯಾಸವನ್ನೂ ಇತಿಹಾಸವನ್ನೂ ಸಂಗ್ರಹವಾಗಿ ನಿರೂಪಿಸಿ, ಅದರ ಕಾಲವನ್ನು ಕುರಿತು ವಿದ್ವಾಂಸರ ಅಭಿಪ್ರಾಯ ಏಕೆ ಮತ್ತು ಹೇಗೆ ಬದಲಾಯಿತೆಂಬುದನ್ನು ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

ಬ್ರಿಕ್ಸ್‌ವರ್ತ್ ಇರುವುದು ಇಂಗ್ಲೆಂಡಿನ ಮಧ್ಯಭಾಗದ ನಾರ್ಥಾಂಪ್ಟನ್‌ಷೈರ್ ಪ್ರಾಂತದಲ್ಲಿ, ನಾರ್ಥಾಂಪ್ಟನ್ ಪಟ್ಟಣಕ್ಕೆ ಉತ್ತರದಲ್ಲಿ ಸುಮಾರು ೭ ಮೈಲಿಗಳ ದೂರದಲ್ಲಿ. ಊರಿನ ಎತ್ತರದ ನೆಲದಲ್ಲಿ ನಿಂತಿರುವ ಈ ಚರ್ಚು ಸಕಲ ಸಂತರ ಹೆಸರಿನಲ್ಲಿ ಪ್ರತಿಷ್ಠಿತವಾದುದು. ಇಂಗ್ಲೆಂಡನ್ನು ನಾರ್ಮನರು ೧೦೬೬ರಲ್ಲಿ ಗೆದ್ದುದಕ್ಕಿಂತ ಮುಂಚೆ, ಎಂದರೆ ಆಂಗ್ಲೋ-ಸ್ಯಾಕ್ಸನ್ ಅರಸರ ಕಾಲದಲ್ಲಿ, ಕಟ್ಟಿದ ಚರ್ಚುಗಳ ಪೈಕಿ ಇಷ್ಟು ದೊಡ್ಡದಾಗಿ ಇಷ್ಟು ಪೂರ್ಣವಾಗಿ ಉಳಿದಿರುವವು ಅತ್ಯಲ್ಪ. ಇದು ಪಾಳುಬಿದ್ದ ಸ್ಮಾರಕವಲ್ಲ. ಪೀಟರ್‌ಬರೊ ಬಿಷಪ್ಪರ ಅಧೀನಕ್ಕೆ ಸೇರಿದ ಆಂಗ್ಲಿಕನ್ ಪ್ಯಾರಿಷ್ ಚರ್ಚಾಗಿ ಇಂದಿಗೂ ಆರಾಧನೆ ನಡೆಯುತ್ತಿರುವ ಸ್ಥಳ.

೨. ಪ್ಯಾರಿಷ್ ಎಂದರೇನು?

ಆಂಗ್ಲಿಕನ್ ಸಭೆ ಎಂದರೆ ಇಂಗ್ಲೆಂಡಿನ ರಾಷ್ಟ್ರೀಯ ಕ್ರೈಸ್ತ ಸಭೆ ಹಾಗೂ ಅದರಿಂದ ಹುಟ್ಟಿ ಇತರ ದೇಶಗಳಲ್ಲಿ ಹರಡಿದ ಸಭೆಗಳು. ದಕ್ಷಿಣ ಭಾರತದಲ್ಲಿದ್ದ ಆಂಗ್ಲಿಕನ್ ಸಭೆಗಳು ೧೯೪೭ರಲ್ಲಿ ಬೇರೆ ಕೆಲವು ಪ್ರಾಟೆಸ್ಟಂಟ್ ಸಭೆಗಳೊಡನೆ ಕೂಡಿ ದಕ್ಷಿಣ ಭಾರತ ಸಭೆಯಾದುವೆಂಬುದನ್ನು ವಾಚಕರು ಬಲ್ಲರು. ಇಂಗ್ಲೆಂಡಿನಲ್ಲಿ ಈ ಸಭೆಯ ಅತಿ ಸಣ್ಣ ಘಟಕಕ್ಕೆ ಪ್ಯಾರಿಷ್ ಎಂದು ಹೆಸರು. ಒಂದು ಚರ್ಚು, ಅದಕ್ಕೆ ಒಬ್ಬ ಪಾದ್ರಿ, ಆ ಚರ್ಚಿಗೆ ನಡೆದುಕೊಳ್ಳಬೇಕಾದ ಒಂದು ಊರು ಅಥವಾ ಕೆಲವು ಹಳ್ಳಿಗಳ ಗೊತ್ತಾದ ಎಲ್ಲೆ, ಈ ಮೂರೂ ಸೇರಿದರೆ ಪ್ಯಾರಿಷ್. ಊರಿನವರು ತಮ್ಮ ಬೆಳೆಯ ಹತ್ತನೆಯ ಒಂದು ಪಾಲನ್ನು ಚರ್ಚಿಗೆ ಸಲ್ಲಿಸಬೇಕಾಗಿತ್ತು. ಹುಟ್ಟಿದವರಿಗೆ ಸ್ನಾನಸಂಸ್ಕಾರ, ವಿವಾಹ, ಸತ್ತವರ ಸಮಾಧಿ ಎಲ್ಲವೂ ಆ ಚರ್ಚಿನಲ್ಲಿಯೇ ನಡೆಯಬೇಕಾಗಿತ್ತು. ೧೫೩೮ರಲ್ಲಿ ಥಾಮಸ್ ಕ್ರಾಮ್‌ವೆಲ್ಲನ ಆಜ್ಞೆಯಾದ ಮೇಲೆ ಇವುಗಳನ್ನು ಪ್ರತಿ ಪ್ಯಾರಿಷ್ಷಿನಲ್ಲಿಯೂ ಪುಸ್ತಕದಲ್ಲಿ ಬರೆದಿಡುವ ಪದ್ಧತಿ ಬಂದಿತು. ಜನಗಣತಿಯಿಲ್ಲದ ಕಾಲದ ಇಂಗ್ಲೆಂಡಿನ ಸಾಮಾಜಿಕ ಚರಿತ್ರೆಗೆ ಈ ಪುಸ್ತಕಗಳೇ ಮುಖ್ಯ ಆಕರಗಳು.

ಈ ವ್ಯವಸ್ಥೆ ಕಟ್ಟಡದ ಸ್ವರೂಪದ ಮೇಲೂ ಪ್ರಭಾವ ಬೀರಿದೆ. ಪ್ಯಾರಿಷ್ ಚರ್ಚಿನಲ್ಲಿ ಸಾಮಾನ್ಯವಾಗಿ ಎರಡು ಮುಖ್ಯ ಭಾಗಗಳು. ಪಶ್ಚಿಮದಲ್ಲಿ ಜನರು ನೆರೆಯುವ ಉದ್ದನೆಯ ಅಂಗಣ, ಇದು ನೇವ್. ಪೂರ್ವದಲ್ಲಿ ಪೂಜಾಪೀಠವಿರುವ, ಪಾದ್ರಿ ಮತ್ತು ಗಾಯಕರು ಇರುವ ಭಾಗ, ಇದು ಚಾನ್ಸೆಲ್. ನೇವಿನ ದುರಸ್ತಿಯ ಹೊಣೆ ಊರಿನವರದು, ಚಾನ್ಸೆಲಿನ ಹೊಣೆ ದಶಾಂಶದ ಆದಾಯವನ್ನು ಪಡೆಯುವವನದು ಎಂಬುದು ಮಧ್ಯಯುಗದಿಂದ ಬಂದ ನಿಯಮ. ಆದಕಾರಣ ಒಂದೇ ಚರ್ಚಿನ ಎರಡು ಭಾಗಗಳು ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆಯವರ ಹಣದಿಂದ ಪುನಃ ನಿರ್ಮಾಣವಾಗಿರುವುದು ಇಂಗ್ಲೆಂಡಿನಲ್ಲಿ ಸರ್ವಸಾಮಾನ್ಯ.

ಪ್ಯಾರಿಷ್‌ಗಳ ವಿಭಾಗವನ್ನು ೬೬೮ರಿಂದ ೬೯೦ರ ವರೆಗೆ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ಪನಾಗಿದ್ದ ಥಿಯೊಡೋರನು ಒಮ್ಮೆಗೇ ಮಾಡಿದನೆಂದು ಹಿಂದೆ ಹೇಳುತ್ತಿದ್ದರು. ಈಗಿನ ವಿದ್ವಾಂಸರು ಇದನ್ನು ಒಪ್ಪುವುದಿಲ್ಲ. ಮೊದಲು ಇದ್ದುದು ಮಿನ್‌ಸ್ಟರ್ ಎಂಬ ದೊಡ್ಡ ಚರ್ಚುಗಳು. ಒಂದೊಂದರಲ್ಲಿಯೂ ಸನ್ಯಾಸಿಗಳ ಅಥವಾ ಪಾದ್ರಿಗಳ ಒಂದು ತಂಡವಿದ್ದು, ಅವರು ಸುತ್ತಲಿನ ವಿಸ್ತಾರವಾದ ಸೀಮೆಯ ಜನರ ಧಾರ್ಮಿಕ ಅಗತ್ಯಗಳನ್ನು ನೋಡಿಕೊಳ್ಳುತ್ತಿದ್ದರು. ೧೦ನೆಯ ಶತಮಾನದಿಂದ ೧೨ನೆಯ ಶತಮಾನದ ವರೆಗೆ ಈ ಸೀಮೆಗಳು ಕ್ರಮೇಣ ಒಡೆದು, ಊರಿಗೊಂದು ಚರ್ಚಿನಂತೆ ಪ್ಯಾರಿಷ್‌ಗಳಾದುವು. ಹಳೆಯ ಮಿನ್‌ಸ್ಟರುಗಳಲ್ಲಿ ಕೆಲವು ನಾಶವಾದುವು; ಕೆಲವು ತಮ್ಮ ಹಿರಿಮೆಯನ್ನು ಕಳೆದುಕೊಂಡು ಸಾಮಾನ್ಯ ಪ್ಯಾರಿಷ್ ಚರ್ಚುಗಳಾಗಿ ಉಳಿದುವು. ಬ್ರಿಕ್ಸ್‌ವರ್ತ್ ಈ ಎರಡನೆಯ ವರ್ಗಕ್ಕೆ ಸೇರಿದುದು. ಒಂದು ಹಳ್ಳಿಗೆ ಇಷ್ಟು ದೊಡ್ಡ ಚರ್ಚು ಏಕೆ ಎಂಬ ಪ್ರಶ್ನೆಗೆ ಇದೇ ಉತ್ತರ.

೩. ಮೂಲ ವಿನ್ಯಾಸ

ಕಟ್ಟಡ ಪಶ್ಚಿಮದಿಂದ ಪೂರ್ವಕ್ಕೆ ಚಾಚಿದೆ. ಮೊದಲು ಇದ್ದ ವಿನ್ಯಾಸವನ್ನು ಹೀಗೆ ಕಲ್ಪಿಸಿಕೊಳ್ಳಬಹುದು. ಪಶ್ಚಿಮದ ಕೊನೆಯಲ್ಲಿ ಎರಡಂತಸ್ತಿನ ಮುಖಮಂಟಪ, ಅದರ ಎರಡು ಪಕ್ಕಗಳಲ್ಲಿಯೂ ಸಣ್ಣ ಕೋಣೆಗಳು. ಅದನ್ನು ದಾಟಿದರೆ ಸುಮಾರು ೬೦ ಅಡಿ ಉದ್ದ, ೩೦ ಅಡಿ ಅಗಲದ ನೇವ್. ಅದರ ಪೂರ್ವಕ್ಕೆ ಸುಮಾರು ೩೦ ಅಡಿಗಳ ಚೌಕವಾದ ಪಾದ್ರಿಗಳ ಅಂಗಣ. ಕೊನೆಯಲ್ಲಿ ಪೂಜಾಪೀಠವನ್ನು ಬಳಸಿ ನಿಂತ ಅರ್ಧವೃತ್ತಾಕಾರದ ಗೋಡೆ. ಇದು ಒಳಗಿನಿಂದ ಅರ್ಧವೃತ್ತವಾಗಿ, ಹೊರಗಿನಿಂದ ಬಹುಭುಜಾಕೃತಿಯಾಗಿ ಕಾಣುತ್ತದೆ. ಇಂಥ ತುದಿಗೆ ಯೂರೋಪಿನ ವಾಸ್ತುಶಾಸ್ತ್ರದಲ್ಲಿ ಆಪ್ಸ್ ಎಂಬ ಹೆಸರಿದೆ. ಐಹೊಳೆಯ ದುರ್ಗ ಗುಡಿಯನ್ನು ಕಂಡವರಿಗೆ ಗಜಪೃಷ್ಠವೆಂಬ ನಮ್ಮ ಮಾತಿನಿಂದ ಇದರ ಆಕಾರ ಥಟ್ಟನೆ ತಿಳಿದೀತು. ಎರಡು ಕಟ್ಟಡಗಳಿಗೂ ಪರಸ್ಪರ ಸಂಬಂಧವೇನೂ ಇಲ್ಲವೆಂಬುದನ್ನು ಹೇಳಬೇಕಾಗಿಲ್ಲ.

ನೇವಿನ ಉತ್ತರ ಮತ್ತು ದಕ್ಷಿಣದ ಗೋಡೆಗಳಲ್ಲಿ ಒಂದೊಂದು ಕಡೆಗೆ ನಾಲ್ಕರಂತೆ ದೊಡ್ಡ ಕಮಾನುಗಳಿವೆ. ಇವುಗಳ ಮೂಲಕ ಹೊರಗೆ ಸಾಲಾಗಿದ್ದ ಕೋಣೆಗಳಿಗೆ ಹೋಗಬಹುದಾಗಿತ್ತು. ಈ ಕೋಣೆಗಳು ಬಿದ್ದುಹೋದುವು, ಇಲ್ಲವೆ ಕೆಡವಲ್ಪಟ್ಟುವು. ಅವುಗಳ ತಳಪಾಯ ಮಾತ್ರ ನೆಲದಲ್ಲಿ ಉಳಿದಿದೆ. ಆಮೇಲೆ ಕಮಾನುಗಳನ್ನು ಮುಚ್ಚಿ ಗೋಡೆ ಕಟ್ಟಿ ಕಿಟಕಿಗಳನ್ನು ಇಟ್ಟರು. ಇಂದು ಹೊರಗೆ ನಿಂತು ನೋಡುವವನಿಗೆ ಗೋಡೆಯ ಮೈಯಲ್ಲಿ ಹುದುಗಿಹೋದ ಈ ಕಮಾನುಗಳ ಸಾಲೇ ಮೊದಲು ಕಣ್ಣಿಗೆ ಬೀಳುವುದು. ಅವುಗಳ ಮೇಲೆ ಗೋಡೆಯ ಎತ್ತರದಲ್ಲಿ ಬೆಳಕಿಗಾಗಿ ಬಿಟ್ಟ ಕಿಟಕಿಗಳ ಸಾಲಿದೆ. ನೇವಿಗೂ ಪಾದ್ರಿಗಳ ಅಂಗಣಕ್ಕೂ ನಡುವೆ ಆದಿಯಲ್ಲಿ ಮೂರು ಕಮಾನುಗಳ ಒಂದು ತೆರೆಯಿತ್ತು. ಮಧ್ಯಯುಗದಲ್ಲಿ ಅದನ್ನು ತೆಗೆದು ಒಂದೇ ದೊಡ್ಡ ಮೊನೆಗಮಾನನ್ನು ಕಟ್ಟಿದರು. ಹಳೆಯ ಕಮಾನುಗಳು ಎಲ್ಲಿಂದ ಎದ್ದಿದ್ದುವೆಂಬ ಗುರುತು ಮಾತ್ರ ಗೋಡೆಯಲ್ಲಿ ಕಾಣುತ್ತದೆ.

ಆಪ್ಸಿನ ಹೊರಸುತ್ತಿನಲ್ಲಿ ನೆಲಮಟ್ಟಕ್ಕಿಂತ ತಗ್ಗಾದ ಒಂದು ಓಣಿಯಿದೆ. ಪಾದ್ರಿಗಳ ಅಂಗಣದ ಎರಡು ಬದಿಯಿಂದಲೂ ಇದಕ್ಕೆ ಇಳಿಯಲು ಬಾಗಿಲುಗಳಿದ್ದುವು. ಒಂದು ಬಾಗಿಲಿನಿಂದ ಇಳಿದು ಪೂಜಾಪೀಠವಿದ್ದ ಸ್ಥಳವನ್ನು ಬಳಸಿ ಇನ್ನೊಂದು ಬಾಗಿಲಿನಿಂದ ಏರಿಬರಬಹುದಾಗಿತ್ತು. ಈಗ ಬಾಗಿಲುಗಳು ಮುಚ್ಚಿವೆ; ಓಣಿಯ ಮೇಲಣ ಮುಚ್ಚಿಗೆ ಹೋಗಿ ಅದು ಬಯಲಿಗೆ ತೆರೆದಿದೆ. ಇದನ್ನು ಪ್ರದಕ್ಷಿಣ ಪಥವೆನ್ನಲು ಅಡ್ಡಿಯಿಲ್ಲ. ಸಂತರ ಪವಿತ್ರಾವಶೇಷಗಳನ್ನು ಇರಿಸಿದ ಚರ್ಚುಗಳಲ್ಲಿ ಯಾತ್ರಿಕರು ನೂಕುನುಗ್ಗಲಿಲ್ಲದೆ ಅವುಗಳ ಬಳಿ ಹಾಯ್ದುಹೋಗಲೆಂದು ಇಂಥ ಸುತ್ತೋಣಿಗಳನ್ನು ಮಾಡುತ್ತಿದ್ದರು. ಇವಕ್ಕೆ ಮೂಲ ಮಾದರಿ ೬೦೦ರ ಸುಮಾರಿಗೆ ರೋಮಿನ ಹಳೆಯ ಸೇಂಟ್ ಪೀಟರ್ ದೇವಾಲಯದಲ್ಲಿ ರಚಿತವಾದ ಓಣಿ. ಬ್ರಿಕ್ಸ್‌ವರ್ತಿನಲ್ಲಿ ಯಾವ ಸಂತರ ಅವಶೇಷವಿತ್ತು? ೧೯ನೆಯ ಶತಮಾನದ ಆದಿಭಾಗದಲ್ಲಿ ಈ ಚರ್ಚಿನ ಗೋಡೆಯೊಂದರಲ್ಲಿ ಸಣ್ಣ ಕಲ್ಲಿನ ಕರಂಡಕವೊಂದು ದೊರೆಯಿತು. ಅದರೊಳಗೆ ಎಲುಬಿನ ಚೂರೊಂದಿತ್ತು. ಇದು ಜರ್ಮನರಲ್ಲಿ ಕ್ರೈಸ್ತಮತವನ್ನು ಹರಡಿ ೭೫೪ರಲ್ಲಿ ಹತನಾದ, ಇಂಗ್ಲೆಂಡಿನಲ್ಲಿಯೇ ಹುಟ್ಟಿದ ಸಂತ ಬೋನಿಫೇಸನ ಎಲುಬೆಂದು ಕೆಲವರ ಊಹೆ. ಕರಂಡಕ ಸಿಕ್ಕಿದ ಭಾಗ ಮೂಲ ಕಟ್ಟಡಕ್ಕಿಂತ ಬಹಳ ಈಚಿನದಾದುದರಿಂದ ಈ ಊಹೆಯ ಮೇಲೆ ಕಾಲನಿರ್ಣಯದ ಭಾರವನ್ನು ಹೊರಿಸಲಾಗದು.

೪. ಕಟ್ಟಿದ ಸಾಮಗ್ರಿ

ಗೋಡೆಗಳು ಬಹುಮಟ್ಟಿಗೆ ಕಾಡುಗಲ್ಲಿನವು. ಒಂದೇ ಬಗೆಯ ಕಲ್ಲಿನವಲ್ಲ. ಆ ಸೀಮೆಯಲ್ಲಿಯೇ ದೊರೆಯುವ, ಕಬ್ಬಿಣದ ಅಂಶವುಳ್ಳ ಕಂದುಬಣ್ಣದ ಕಲ್ಲು, ಸುಣ್ಣಕಲ್ಲು ಇವುಗಳೊಡನೆ ಆ ನೆಲದಲ್ಲಿ ಎಲ್ಲಿಯೂ ಹುಟ್ಟದ ಅಗ್ನಿಶಿಲೆಗಳೂ ಸೇರಿವೆ. ಇವು ಬಂದುದು ಉತ್ತರದ ಲೆಸ್ಟರ್ ಪ್ರಾಂತದಿಂದ. ಕಮಾನುಗಳನ್ನು ಮಾತ್ರ ಇಟ್ಟಿಗೆಯಿಂದ ಕಟ್ಟಿದ್ದಾರೆ. ಈ ಇಟ್ಟಿಗೆಗಳು ಅಗಲವಾಗಿ, ಚಪ್ಪಟೆಯಾಗಿವೆ, ಆಂಗ್ಲೋ-ಸ್ಯಾಕ್ಸನರು ಸುಟ್ಟವಲ್ಲ. ೫ನೆಯ ಶತಮಾನದ ಆದಿಯಲ್ಲಿ ರೋಮನರ ಆಡಳಿತ ಬ್ರಿಟನ್ನಿನಲ್ಲಿ ಕೊನೆಗೊಂಡ ಮೇಲೆ ಪಾಳುಬಿದ್ದಿದ್ದ ಕಟ್ಟಡಗಳಿಂದ ಕಿತ್ತು ತಂದವು ಇವು.

ಬ್ರಿಕ್ಸ್‌ವರ್ತಿಗೆ ಸುಮಾರು ೨೫ ಮೈಲಿ ಉತ್ತರದಲ್ಲಿರುವ ಲೆಸ್ಟರ್ ರೋಮನರ ಕಾಲದಲ್ಲಿ ದೊಡ್ಡ ಪಟ್ಟಣವಾಗಿತ್ತು. ಅಲ್ಲಿಯ ಸ್ನಾನಗೃಹದ ಒಂದು ಗೋಡೆ ಕಲ್ಲು ಮತ್ತು ಇಟ್ಟಿಗೆಯ ವರಸೆಗಳೊಡನೆ ಇಂದಿಗೂ ನಿಂತಿದೆ. ಅಗ್ನಿಶಿಲೆಗಳೂ ಇಟ್ಟಿಗೆಗಳ ಬಹುಭಾಗವೂ ಅಲ್ಲಿಯ ಹಾಳು ಕಟ್ಟಡಗಳಿಂದ ಒಟ್ಟಿಗೆ ಬಂದಿರಬೇಕೆಂದು ಶಿಲೆಗಳನ್ನು ಪರೀಕ್ಷಿಸಿದ ಭೂವಿಜ್ಞಾನಿಗಳ ಅಭಿಪ್ರಾಯ. ಹತ್ತಿರದಲ್ಲಿ ಕಲ್ಲಿರುವಾಗ ಗಾಡಿಯ ಮೇಲೆ ಅಷ್ಟು ದೂರದಿಂದ ಸಾಮಗ್ರಿಯನ್ನು ಹೇರಿತರಲು ಜನಬಲ, ಧನಬಲ, ಅಧಿಕಾರಬಲ ಮೂರೂ ಬೇಕು. ಈ ಚರ್ಚನ್ನು ಕಟ್ಟಿಸಿದವರು ಸಾಮಾನ್ಯರಲ್ಲವೆಂಬುದಕ್ಕೆ ಕಲ್ಲುಗಳೇ ಸಾಕ್ಷಿ.

ಕಮಾನುಗಳ ರಚನೆಯಲ್ಲಿ ಒಂದು ವಿಶೇಷವುಂಟು. ಕಮಾನು ಕಟ್ಟುವ ರೋಮನ್ ಕಸಬುಗಾರನು ಪ್ರತಿಯೊಂದು ಇಟ್ಟಿಗೆಯೂ ವೃತ್ತದ ಕೇಂದ್ರದ ಕಡೆಗೆ ಮುಖಮಾಡುವಂತೆ ಇಡುತ್ತಿದ್ದನು. ಬ್ರಿಕ್ಸ್‌ವರ್ತಿನಲ್ಲಿ ಇಟ್ಟಿಗೆಗಳು ಎರಡು ವರಸೆಯಾಗಿ, ಒಂದರ ಮೇಲೊಂದು ಬಳೆಯಂತೆ ಇವೆ. ಆದರೆ ಅನೇಕ ಕಡೆ ಅವುಗಳ ವಾಲಿಕೆ ಕೇಂದ್ರಕ್ಕೆ ಸರಿಹೊಂದದೆ ಹೆಚ್ಚು ಕಡಿಮೆಯಾಗಿದೆ. ಸಾಮಗ್ರಿ ರೋಮನರದು, ಕೈ ಮಾತ್ರ ಬೇರೆಯವರದು. ಹಿಂದೆ ಕೆಲವರು ಇಟ್ಟಿಗೆಯನ್ನು ನೋಡಿ ಇಡೀ ಕಟ್ಟಡವನ್ನೇ ರೋಮನರದೆಂದು ಬಗೆದಿದ್ದರು. ಇಟ್ಟಿಗೆಯ ಕಾಲ ಬೇರೆ, ಗೋಡೆಯ ಕಾಲ ಬೇರೆ ಎಂಬ ವಿವೇಕ ಇಲ್ಲಿ ಅವಶ್ಯಕ.

ಗೋಡೆಯ ಕೆಲವು ಕಲ್ಲುಗಳ ಮೇಲೆ ಬೆಂಕಿಯಲ್ಲಿ ಬೆಂದ ಗುರುತಿದೆ. ೯ನೆಯ ಶತಮಾನದಲ್ಲಿ ಡೇನರು ಈ ಸೀಮೆಯನ್ನು ಸೂರೆಮಾಡಿದರಾದ್ದರಿಂದ, ಅವರು ಚರ್ಚಿಗೆ ಇಟ್ಟ ಬೆಂಕಿಯ ಗುರುತು ಇದೆಂದು ಹೇಳುವುದು ವಾಡಿಕೆಯಾಗಿತ್ತು. ಆದರೆ ಬೆಂದ ಕಲ್ಲಿನ ಪಕ್ಕದಲ್ಲಿಯೇ ಬೇಯದ ಕಲ್ಲಿರುವುದನ್ನು ಗಮನಿಸಿದರೆ, ಆ ಕಲ್ಲುಗಳು ಈ ಗೋಡೆಗೆ ಬರುವುದಕ್ಕಿಂತ ಮೊದಲೇ, ತಾವು ಹಿಂದೆ ಇದ್ದ ಕಟ್ಟಡದಲ್ಲಿ ಬೆಂದಿರಬೇಕೆಂದು ತೋರುತ್ತದೆ. ಗೋಡೆಗೇ ಬೆಂಕಿ ತಗುಲಿದ್ದರೆ ಒತ್ತಾಗಿರುವ ಕಲ್ಲುಗಳೆಲ್ಲವೂ ಬೇಯಬೇಕಾಗಿತ್ತು.

೫. ಮುಂದಿನ ಶತಮಾನಗಳ ಬದಲಾವಣೆಗಳು

೧೦ ಅಥವಾ ೧೧ನೆಯ ಶತಮಾನದಲ್ಲಿ ಪಶ್ಚಿಮದ ಮುಖಮಂಟಪವನ್ನು ಎತ್ತರಿಸಿ ಗೋಪುರವನ್ನಾಗಿ ಮಾಡಿದರು. ಅದಕ್ಕೆ ಹೊರಗಿನಿಂದ ಆತುಕೊಂಡಂತೆ ದುಂಡನೆಯ ಮೆಟ್ಟಿಲುಗೋಪುರವೊಂದನ್ನು ಕಟ್ಟಿ ಅದರೊಳಗೆ ಸುರುಳಿ ಮೆಟ್ಟಿಲನ್ನು ಏರಿಸಿದರು. ಇಂಥ ಸ್ಯಾಕ್ಸನ್ ಮೆಟ್ಟಿಲುಗೋಪುರಗಳು ಇಂಗ್ಲೆಂಡಿನಲ್ಲಿ ಉಳಿದಿರುವುವು ನಾಲ್ಕೇ. ಅದೇ ಕಾಲದಲ್ಲಿ ಗೋಪುರದ ಮೇಲಂತಸ್ತಿನಿಂದ ನೇವನ್ನು ನೋಡಲು ಮೂರು ಕಮಾನುಗಳ ಕಿಟಕಿಯನ್ನು ತೆರೆದರು. ಅದರ ಗಿಡ್ಡ ಕಂಬಗಳು ನಡುವೆ ಉಬ್ಬಿ, ಬಳೆಗಳನ್ನು ತೊಡಿಸಿದಂತೆ, ತಿರುಗಣೆಯಲ್ಲಿ ಕಡೆದವೋ ಎಂಬಂತೆ ಇವೆ. ಮೇಲಿನ ಕೋಣೆಯಲ್ಲಿ ಕುಳಿತು ಕೆಳಗಿನ ಆರಾಧನೆಯನ್ನು ನೋಡುವ ಗಣ್ಯರು ಇದ್ದಿರಬೇಕೆಂದು ಇದರಿಂದ ಊಹಿಸಬಹುದು.

ನಾರ್ಮನರು ಬಂದ ಮೇಲೆ, ೧೨ನೆಯ ಶತಮಾನದಲ್ಲಿ, ಮುಚ್ಚಿದ ಕಮಾನುಗಳಲ್ಲಿ ಒಂದರೊಳಗೆ ದಕ್ಷಿಣದ ಬಾಗಿಲನ್ನು ಇಟ್ಟರು. ೧೩ನೆಯ ಶತಮಾನದಲ್ಲಿ ಆಗ್ನೇಯಕ್ಕೆ ಕನ್ಯಾಮರಿಯಳ ಹೆಸರಿನ ಉಪಗೃಹವೊಂದು ಸೇರಿತು; ಅಲ್ಲಿ ವರ್ಡನ್ ಮನೆತನದ ಸರದಾರನೊಬ್ಬನ ಸಮಾಧಿಪ್ರತಿಮೆಯಿದೆ. ೧೪ನೆಯ ಶತಮಾನದಲ್ಲಿ ಗೋಪುರದ ಮೇಲೆ ಗಂಟೆಯ ಅಂತಸ್ತೂ ಅದರ ಮೇಲೆ ಮೊನಚಾದ ಶಿಖರವೂ ಎದ್ದುವು. ಪೂರ್ವದ ಆಪ್ಸ್ ಹೋಗಿ, ಅದರ ಸ್ಥಳದಲ್ಲಿ ಮಧ್ಯಯುಗದ ಮಾದರಿಯ, ಚಪ್ಪಟೆಯಾದ ಪೂರ್ವದ ಗೋಡೆಯುಳ್ಳ ಚಾನ್ಸೆಲ್ ಬಂದಿತು.

೧೬ನೆಯ ಶತಮಾನದಲ್ಲಿ ಇಂಗ್ಲೆಂಡು ರೋಮಿನ ಪೋಪನ ಅಧಿಕಾರವನ್ನು ತೊರೆಯಿತು. ೧೫೩೪ರ ಕಾನೂನಿನಂತೆ ಅರಸನೇ ಸಭೆಯ ಶಿರೋಮಣಿಯಾದನು. ೧೫೪೯ರಲ್ಲಿ ಇಂಗ್ಲಿಷ್ ಭಾಷೆಯ ಪ್ರಾರ್ಥನಾ ಗ್ರಂಥ ಜಾರಿಗೆ ಬಂದಿತು. ದೇಶದ ಚರ್ಚುಗಳಲ್ಲೆಲ್ಲ ಸಂತರ ಪ್ರತಿಮೆಗಳೂ ಅವಶೇಷಗಳೂ ಪೂಜ್ಯತೆಯನ್ನು ಕಳೆದುಕೊಂಡುವು. ಕಲ್ಲಿನ ಪೀಠಗಳ ಸ್ಥಾನದಲ್ಲಿ ಮರದ ಮೇಜುಗಳು ಬಂದುವು. ಮತವಿಧಿ ಬದಲಾದರೂ ಪ್ಯಾರಿಷ್ಷಿನ ಎಲ್ಲೆ, ಅದರ ಚರ್ಚು, ಅದರ ಸ್ಮಶಾನ ಇವು ಬದಲಾಗಲಿಲ್ಲ. ಯಾತ್ರಿಕರಿಗಾಗಿ ಕಟ್ಟಿದ ಸುತ್ತೋಣಿ ಅರ್ಥಹೀನವಾದ ಮೇಲೂ ಅದನ್ನು ಒಳಗೊಂಡ ಚರ್ಚು ಊರಿನ ಚರ್ಚಾಗಿಯೇ ಉಳಿದು ಬಂದುದು ಇದರಿಂದ.

೬. ಜೀರ್ಣೋದ್ಧಾರದ ಲಾಭನಷ್ಟ

೧೮೩೨ರಲ್ಲಿ ಚಾರ್ಲ್ಸ್ ಫ್ರೆಡರಿಕ್ ವಾಟ್ಕಿನ್ಸ್ ಎಂಬುವರು ಬ್ರಿಕ್ಸ್‌ವರ್ತಿನ ಪಾದ್ರಿಯಾಗಿ ಬಂದರು. ನಲವತ್ತು ವರ್ಷಕ್ಕೂ ಮೀರಿದ ತಮ್ಮ ಸೇವಾವಧಿಯಲ್ಲಿ ಅವರು ಚರ್ಚಿನ ನೆಲವನ್ನೂ ಗೋಡೆಯನ್ನೂ ಪರೀಕ್ಷಿಸಿದರು. ಬಿದ್ದುಹೋದ ಕೋಣೆಗಳ ತಳಪಾಯವನ್ನು ಅಗೆದು ಕಂಡರು. ಆಪ್ಸಿನ ಹಾಗೂ ಸುತ್ತೋಣಿಯ ಕುರುಹುಗಳನ್ನು ಗುರುತಿಸಿದರು. ೧೮೬೫ರ ಸುಮಾರಿನಲ್ಲಿ ಅವರ ಮುಂದಾಳುತನದಲ್ಲಿ ಮಧ್ಯಯುಗದ ಚಾನ್ಸೆಲನ್ನು ಕೆಡವಿ, ಹಳೆಯ ತಳಪಾಯದ ಮೇಲೆ ಆಪ್ಸನ್ನು ಮತ್ತೆ ಎಬ್ಬಿಸಲಾಯಿತು. ೧೮೬೭ರಲ್ಲಿ ಅವರು ಈ ಚರ್ಚನ್ನು ರೋಮನರ ಬೆಸಿಲಿಕ ಎಂಬ ಸಭಾಭವನಗಳೊಡನೆ ಹೋಲಿಸಿ ಒಂದು ಗ್ರಂಥವನ್ನು ಪ್ರಕಟಿಸಿದರು.

ಆ ಕಾಲದ ಅಭಿರುಚಿಯನ್ನು ನೆನೆದರೆ ಇದು ವಿಲಕ್ಷಣವಾದ ಕಾರ್ಯ. ೧೮೩೯ರಲ್ಲಿ ಸ್ಥಾಪಿತವಾದ ಕೇಂಬ್ರಿಜ್ ಕ್ಯಾಮ್ಡನ್ ಸೊಸೈಟಿಯ ಪ್ರಭಾವದಿಂದ ಇಂಗ್ಲೆಂಡಿನ ಪಾದ್ರಿಗಳು ೧೪ನೆಯ ಶತಮಾನದ ಗಾಥಿಕ್ ಶೈಲಿಯೇ ಚರ್ಚಿಗೆ ಯೋಗ್ಯವೆಂದು ನಂಬಿ, ಈಚಿನ ಭಾಗಗಳನ್ನು ಕಿತ್ತು ಗಾಥಿಕ್ ಚಾನ್ಸೆಲುಗಳನ್ನು ಕಟ್ಟಿಸುತ್ತಿದ್ದರು. ವಾಟ್ಕಿನ್ಸರು ಮಧ್ಯಯುಗದ ಚಾನ್ಸೆಲನ್ನೇ ಕೆಡವಿ ಅದಕ್ಕಿಂತ ಹಿಂದಿನದನ್ನು ಕಟ್ಟಿಸಿದರು. ಅವರ ಶ್ರದ್ಧೆಯಿಂದಲೇ ಸುತ್ತೋಣಿ ಬೆಳಕಿಗೆ ಬಂದಿತು. ಕಟ್ಟಡದ ಪ್ರಥಮ ರೂಪ ಕಣ್ಣಿಗೆ ಕಟ್ಟುವಂತಾಯಿತು. ಇದು ಲಾಭ. ಇದಕ್ಕೆ ತೆತ್ತ ಬೆಲೆಯೂ ಉಂಟು. ಊರಿನವರು ಹಲವು ಶತಮಾನಗಳ ಕಾಲ ಪೂಜೆಗೈದ ಚಾನ್ಸೆಲ್ ಅಳಿಯಿತು. ಇಂದು ನೋಡುವ ಆಪ್ಸಿನಲ್ಲಿ ನಿಜವಾಗಿ ಪ್ರಾಚೀನವಾದುದು ಉತ್ತರ ಭಾಗದ ಸ್ವಲ್ಪ ಗೋಡೆ ಮಾತ್ರ. ಉಳಿದುದು ವಿಕ್ಟೋರಿಯ ರಾಣಿಯ ಕಾಲದ್ದು. ಅದರ ಆಧಾರದಿಂದ ಕಾಲನಿರ್ಣಯ ಮಾಡಹೊರಟವನು ತನಗರಿಯದೆಯೇ ೧೯ನೆಯ ಶತಮಾನದ ಪಾದ್ರಿಯೊಬ್ಬರ ಅಭಿಪ್ರಾಯವನ್ನು ೮ನೆಯ ಶತಮಾನದ ಸಾಕ್ಷ್ಯವೆಂದು ಎತ್ತಿಕೊಂಡಾನು.

ಇಂಥ ಜೀರ್ಣೋದ್ಧಾರಗಳು ದೇಶದಾದ್ಯಂತ ನಡೆದುದನ್ನು ಕಂಡು ವಿಲಿಯಂ ಮಾರಿಸ್ ಮೊದಲಾದವರು ೧೮೭೭ರಲ್ಲಿ ಪ್ರಾಚೀನ ಕಟ್ಟಡಗಳ ರಕ್ಷಣೆಗಾಗಿ ಸಂಘವೊಂದನ್ನು ಸ್ಥಾಪಿಸಿದರು. ಹಳೆಯ ಕಟ್ಟಡವನ್ನು ಯಾವುದೋ ಒಂದು ಕಾಲದ ರೂಪಕ್ಕೆ ಮರಳಿಸುವುದಕ್ಕಿಂತ ಇದ್ದುದನ್ನು ಇದ್ದಂತೆಯೇ ದುರಸ್ತಿಮಾಡಿ ಕಾಪಾಡಬೇಕೆಂಬುದು ಅವರ ವಾದ. ಬ್ರಿಕ್ಸ್‌ವರ್ತಿನ ಪೂರ್ವದ ತುದಿಯನ್ನು ನೋಡಿದವನಿಗೆ ಈ ವಾದದ ಬಲವೂ ತಿಳಿಯುತ್ತದೆ, ವಾಟ್ಕಿನ್ಸರ ಕುತೂಹಲಕ್ಕೆ ನಾವು ಪಟ್ಟ ಋಣವೂ ತಿಳಿಯುತ್ತದೆ.

೭. ಕಾಲನಿರ್ಣಯ

ಈಗ ಮುಖ್ಯ ಪ್ರಶ್ನೆಗೆ ಬರೋಣ. ೧೨ನೆಯ ಶತಮಾನದಲ್ಲಿ ಪೀಟರ್‌ಬರೊ ಮಠದ ಸನ್ಯಾಸಿ ಹ್ಯೂ ಕ್ಯಾಂಡಿಡಸ್ ತನ್ನ ಮಠದ ಚರಿತ್ರೆಯನ್ನು ಬರೆದನು. ಆ ಮಠದಿಂದ ಹೊರಟು ಹುಟ್ಟಿಕೊಂಡ ಬೇರೆ ಮಠಗಳ ಪಟ್ಟಿಯಲ್ಲಿ ಬ್ರಿಕ್ಸ್‌ವರ್ತಿನ ಹೆಸರಿದೆ. ಆತನ ನಿರೂಪಣೆಯಂತೆ ಇದು ೬೮೦ರ ಸುಮಾರಿಗೆ ಬೀಳುತ್ತದೆ. ಬಹುಕಾಲ ವಿದ್ವಾಂಸರು ಈ ವರ್ಷವನ್ನು ಕಟ್ಟಡದ ವರ್ಷವೆಂದೇ ಸ್ವೀಕರಿಸಿದರು. ಮರ್ಸಿಯ ಎಂದು ಹೆಸರಾದ ಈ ಮಧ್ಯ ಇಂಗ್ಲೆಂಡಿನ ರಾಜ್ಯ ಕ್ರೈಸ್ತಮತವನ್ನು ಅಂಗೀಕರಿಸಿದುದು ಪೆಂಡ ಎಂಬ ಅರಸನು ೬೫೫ರಲ್ಲಿ ಯುದ್ಧದಲ್ಲಿ ಮಡಿದ ಮೇಲೆ. ೬೭೪ರಲ್ಲಿ ಉತ್ತರದ ಮಂಕ್‌ವೇರ್‌ಮತ್ ಮಠವನ್ನು ಕಟ್ಟಿಸಲು ಬೆನೆಡಿಕ್ಟ್ ಬಿಸ್ಕಪನು ಗಾಲ್ ದೇಶದಿಂದ ಕಲ್ಲುಕುಟಿಗರನ್ನು ಕರೆಸಿದನೆಂದು ಬೀಡನು ಬರೆದಿದ್ದಾನೆ. ಇವೆಲ್ಲ ೬೮೦ರ ವರ್ಷಕ್ಕೆ ಒತ್ತಾಸೆಯಾಗಿ ಕಂಡುವು.

ಆದರೆ ಹ್ಯೂ ಹೇಳುವುದು ಮಠದ ಸ್ಥಾಪನೆಯನ್ನು, ಈ ಗೋಡೆಗಳನ್ನಲ್ಲ. ಮಠವೊಂದು ಸ್ಥಾಪಿತವಾದಾಗ ಮರದ ಗುಡಿಯೊಂದಿದ್ದು, ಆಮೇಲೆ ಸಂಪತ್ತು ಬಂದಾಗ ಕಲ್ಲಿನ ಚರ್ಚು ಎದ್ದಿರಬಹುದು. ಅಲ್ಲದೆ ಹ್ಯೂ ಬರೆದುದು ಆ ಘಟನೆಯಾಗಿ ನಾಲ್ಕೂವರೆ ಶತಮಾನಗಳ ಅನಂತರ, ತನ್ನ ಮಠದ ಪ್ರಾಚೀನ ಹಿರಿಮೆಯನ್ನು ಸ್ಥಾಪಿಸುವ ಆಸಕ್ತಿಯಿಂದ. ೭ನೆಯ ಶತಮಾನದವೆಂದು ನಂಬಬಹುದಾದ ಚರ್ಚುಗಳೊಡನೆ ಹೋಲಿಸಿದರೂ ಸಂದೇಹ ಹುಟ್ಟುತ್ತದೆ. ಡರ್ಹಾಮ್ ಪ್ರಾಂತದ ಎಸ್ಕೊಂಬ್ ಚರ್ಚು ಕೂಡ ರೋಮನ್ ಕಲ್ಲುಗಳಿಂದಲೇ ಕಟ್ಟಿದ್ದು. ಆದರೆ ಅದು ಇಕ್ಕಟ್ಟಾದ, ಎತ್ತರವಾದ, ಸರಳವಾದ ಸಣ್ಣ ಕಟ್ಟಡ. ಬ್ರಿಕ್ಸ್‌ವರ್ತಿನ ವಿಸ್ತಾರ ಬೇರೆಯೇ ದರ್ಜೆಯದು.

೧೯೭೨ರಲ್ಲಿ ಈ ಚರ್ಚಿನ ಅಧ್ಯಯನಕ್ಕಾಗಿಯೇ ಒಂದು ಸಂಶೋಧನ ಸಮಿತಿ ರಚಿತವಾಯಿತು. ಗೋಡೆಯ ಮೇಲ್ಮೈಯನ್ನು ಕಲ್ಲುಕಲ್ಲಾಗಿ ಅಳೆದು ಚಿತ್ರಿಸಿ, ಒಂದೊಂದು ಕಲ್ಲು ಯಾವ ಜಾತಿಯದು, ಯಾವ ಕಡೆಯದು ಎಂದು ಗುರುತಿಸಿದರು. ಯಾವ ಭಾಗದ ಗಾರೆ ಯಾವುದರ ಮೇಲೆ ಬಿದ್ದಿದೆ, ಎಲ್ಲಿ ಹಳೆಯದು ನಿಂತು ಹೊಸದು ತೊಡಗಿದೆ ಎಂಬುದನ್ನು ವಿಂಗಡಿಸಿದರು. ೧೯೮೧-೮೨ರಲ್ಲಿ ಚರ್ಚಿನ ಪಕ್ಕದ ನೆಲವನ್ನು ಅಗೆದು ಪರೀಕ್ಷಿಸಲಾಯಿತು. ಇದ್ದಿಲು ಮೊದಲಾದ ಸಾವಯವ ವಸ್ತುಗಳಲ್ಲಿ ಉಳಿದಿರುವ ವಿಕಿರಣಶೀಲ ಇಂಗಾಲದ ಪ್ರಮಾಣವನ್ನು ಅಳೆದು ಕಾಲವನ್ನು ಲೆಕ್ಕಹಾಕುವ ರೇಡಿಯೊ ಕಾರ್ಬನ್ ವಿಧಾನವೂ ನೆರವಿಗೆ ಬಂದಿತು. ಡೇವಿಡ್ ಪಾರ್ಸನ್ಸ್ ಮತ್ತು ಡಯಾನ ಸದರ್ಲೆಂಡ್ ಅವರು ಈ ಅಧ್ಯಯನಗಳನ್ನೆಲ್ಲ ಕ್ರೋಡೀಕರಿಸಿ ೨೦೧೩ರಲ್ಲಿ ಪ್ರಕಟಿಸಿದ ಗ್ರಂಥದ ನಿರ್ಣಯದಂತೆ, ಈಗ ನಿಂತಿರುವ ಚರ್ಚಿನ ಮುಖ್ಯ ಭಾಗ ೮ನೆಯ ಶತಮಾನದ ಕೊನೆಯ ಅಥವಾ ೯ನೆಯ ಶತಮಾನದ ಮೊದಲಿನ ಕೃತಿ.

ಒಂದು ನೂರು ವರ್ಷ ಹಿಂದೆ ಮುಂದೆ ಆದರೇನಂತೆ ಎಂದು ಕೇಳಬಹುದು. ಇಲ್ಲಿ ಅದರಿಂದ ಕಟ್ಟಡದ ಅರ್ಥವೇ ಬದಲಾಗುತ್ತದೆ. ೬೮೦ರದಾದರೆ ಇದು ಹೊಸದಾಗಿ ಮತಾಂತರ ಹೊಂದಿದ ರಾಜ್ಯದ ಮೊದಲ ತಲೆಮಾರಿನ ಕೃತಿ. ಪರದೇಶದಿಂದ ಬಂದ ಕಸಬುಗಾರರ ಮತ್ತು ಸನ್ಯಾಸಿಗಳ ಉತ್ಸಾಹಕ್ಕೆ ಸಾಕ್ಷಿ. ೮೦೦ರ ಸುಮಾರಿನದಾದರೆ ಇದು ಇಂಗ್ಲೆಂಡಿನ ಅತ್ಯಂತ ಪ್ರಬಲ ರಾಜ್ಯವಾಗಿದ್ದ ಮರ್ಸಿಯದ ಉಚ್ಛ್ರಾಯ ಕಾಲಕ್ಕೆ ಸೇರುತ್ತದೆ. ೭೫೭ರಿಂದ ೭೯೬ರ ವರೆಗೆ ಆಳಿದ ಆಫ ಎಂಬ ಅರಸನು ಫ್ರಾಂಕರ ದೊರೆ ಷಾರ್ಲಮೇನನೊಡನೆ ಪತ್ರವ್ಯವಹಾರ ನಡೆಸಿದವನು. ೭೯೬ರಲ್ಲಿ ಷಾರ್ಲಮೇನನು ಆಫನಿಗೆ ಬರೆಸಿದ ಪತ್ರದಲ್ಲಿ, ಆಫನು ತರಿಸಿಕೊಳ್ಳಲು ಬಯಸಿದ್ದ ಕಪ್ಪು ಕಲ್ಲುಗಳ ಪ್ರಸ್ತಾಪ ಬರುತ್ತದೆ. ಷಾರ್ಲಮೇನನ ರಾಜ್ಯದಲ್ಲಿ ಅದೇ ಕಾಲದಲ್ಲಿ ರೋಮಿನ ಮಾದರಿಯನ್ನು ಅನುಸರಿಸುವ ದೊಡ್ಡ ಚರ್ಚುಗಳೂ ಸುತ್ತೋಣಿಗಳೂ ಮತ್ತೆ ರೂಢಿಗೆ ಬಂದುವು. ೨೫ ಮೈಲಿ ದೂರದಿಂದ ರೋಮನ್ ಇಟ್ಟಿಗೆಯನ್ನು ಹೇರಿಸಿ ತಂದು, ಸುತ್ತೋಣಿಯನ್ನು ಕಟ್ಟಿ, ರೋಮಿನ ವೈಭವವನ್ನು ನೆನಪಿಗೆ ತರುವ ಕಟ್ಟಡವನ್ನು ಎಬ್ಬಿಸುವುದು ಇಂಥ ಹೊತ್ತಿಗೆ ಒಪ್ಪುವ ಕೆಲಸ. ಆ ಕಾಲದಲ್ಲಿ ಇಂಗ್ಲೆಂಡಿನ ಬಿಷಪ್ಪರು ಪದೇ ಪದೇ ಸಭೆ ಸೇರುತ್ತಿದ್ದ ಕ್ಲೋಫೆಶೊ ಎಂಬ ಸ್ಥಳ ಎಲ್ಲಿತ್ತೆಂಬುದು ನಿಶ್ಚಿತವಾಗಿಲ್ಲ. ಅದು ಬ್ರಿಕ್ಸ್‌ವರ್ತೇ ಇರಬಹುದೆಂದು ಊಹಿಸಿದವರೂ ಉಂಟು. ಊಹೆ ನಿಜವಾಗಲಿ ಆಗದಿರಲಿ, ಅಂಥ ಸಭೆಗೆ ಸಾಲುವ ಗಾತ್ರ ಈ ಚರ್ಚಿಗಿದೆ.

೮. ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಒಂದು, ಗ್ರಂಥದಲ್ಲಿ ದೊರೆಯುವ ವರ್ಷ ಸಂಸ್ಥೆಯದೋ ಕಟ್ಟಡದ್ದೋ ಎಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಬೇಕು; ಹ್ಯೂ ಕ್ಯಾಂಡಿಡಸನ ಮಾತು ಸುಳ್ಳಾಗಬೇಕಾಗಿಲ್ಲ, ಅದನ್ನು ತಪ್ಪು ವಸ್ತುವಿಗೆ ಅನ್ವಯಿಸಿದುದೇ ತೊಡಕಿಗೆ ಕಾರಣ. ಎರಡು, ಬಳಸಿದ ಸಾಮಗ್ರಿಯ ಕಾಲವೂ ಬಳಸಿದ ಕಾಲವೂ ಒಂದೇ ಅಲ್ಲ. ರೋಮನರ ಇಟ್ಟಿಗೆಯಿಂದಲೂ ಬೆಂದ ಕಲ್ಲಿನಿಂದಲೂ ಹುಟ್ಟಿದ ತಪ್ಪು ತೀರ್ಮಾನಗಳು ಇದಕ್ಕೆ ಉದಾಹರಣೆ. ಮೂರು, ಜೀರ್ಣೋದ್ಧಾರವಾದ ಭಾಗವನ್ನು ಪ್ರತ್ಯೇಕಿಸದೆ ಕಟ್ಟಡವನ್ನು ಓದಲಾಗದು. ಜೀರ್ಣೋದ್ಧಾರ ಮಾಡುವವನು ತೆಗೆದುಹಾಕುವುದನ್ನೆಲ್ಲ ಮೊದಲು ಅಳೆದು ಬರೆದಿಡದೆ ಹೋದರೆ ಮುಂದಿನವರಿಗೆ ಆ ಪುಟವೇ ಇಲ್ಲವಾಗುತ್ತದೆ.

ಈ ಮೂರು ಎಚ್ಚರಿಕೆಗಳು ಇಂಗ್ಲೆಂಡಿನ ಚರ್ಚಿಗೆ ಮಾತ್ರ ಸಲ್ಲುವಂಥವಲ್ಲ. ಶಾಸನವಿಲ್ಲದ ಹಳೆಯ ಗುಡಿಯನ್ನು ಅಧ್ಯಯನ ಮಾಡುವ ನಮ್ಮ ವಿದ್ಯಾರ್ಥಿಯೂ, ಸ್ಥಳಪುರಾಣ ಹೇಳುವ ಕಾಲವನ್ನು ಗೋಡೆಗೆ ಹಚ್ಚುವುದಕ್ಕೆ ಮುಂಚೆ ಗೋಡೆಯ ವರಸೆ, ಗಾರೆ, ಕಲ್ಲಿನ ಜಾತಿ ಇವನ್ನು ಒಂದೊಂದಾಗಿ ಪರೀಕ್ಷಿಸುವುದು ಒಳ್ಳೆಯದು. ಬ್ರಿಕ್ಸ್‌ವರ್ತಿನಲ್ಲಿ ಹಾಗೆ ಪರೀಕ್ಷಿಸಿದ್ದರಿಂದ ಇಂಗ್ಲೆಂಡಿನ ಇತಿಹಾಸದ ಒಂದು ಮುಖ್ಯ ಕಟ್ಟಡ ತನ್ನ ನಿಜವಾದ ಕಾಲಕ್ಕೆ ಬಂದು ಸೇರಿತು.